ಯಾರೂ ತಳ್ಳದೆ ಒಂದು ಅಲೆ

ಸರ್ಫಿಂಗ್ ಹಲಗೆಗಳನ್ನು ರಿಪೇರಿ ಮಾಡುವ ಹೆಂಗಸಿಗೆ ಹಲಗೆಯ ಮೇಲೆ ನಿಲ್ಲಲು ಬರುವುದಿಲ್ಲ ಎಂದರೆ ನಂಬುವವರಾದರೂ ಯಾರು? ಆದರೂ ಅದು ನಿಜ. ಇಪ್ಪತ್ತಾರು ವರ್ಷಗಳಿಂದ ಆ ಊರಿನ ಅಲೆಯ ಹುಚ್ಚರೆಲ್ಲ ತಮ್ಮ ಮುರಿದ, ಬಿರುಕು ಬಿಟ್ಟ, ನೀರು ಕುಡಿದು ಭಾರವಾದ ಹಲಗೆಗಳನ್ನು ಹೊತ್ತುಕೊಂಡು ಅವಳ ಶೆಡ್ಡಿಗೇ ಬರುತ್ತಿದ್ದರು. ಮೊದಮೊದಲು ಹಲಗೆ ಡಾಕ್ಟ್ರು ಎನ್ನುತ್ತಿದ್ದರು. ಕೂದಲು ನರೆತ ಮೇಲೆ ಡಾಕ್ಟರಮ್ಮ ಎಂದು ಬಡ್ತಿ ಕೊಟ್ಟರು. ಓದಿದ್ದು ಎಂಟನೇ ಕ್ಲಾಸು, ಪದವಿ ಊರು ಕೊಟ್ಟದ್ದು. ನಾವೂ ಹಾಗೇ ಕರೆಯೋಣ.

ಶೆಡ್ಡು ಸೈಕಲ್ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಇತ್ತು. ಉದ್ದ ಇತ್ತು, ಅಗಲ ಇರಲಿಲ್ಲ. ಒಂಬತ್ತಡಿಯ ಹಲಗೆಯನ್ನು ಮಗುಚಬೇಕೆಂದರೆ ಒಂದು ತುದಿಯನ್ನು ಬೀದಿಗೆ ಚಾಚಬೇಕು, ಬೀದಿಯಲ್ಲಿ ಹೋಗುವವರು ಆಗ ತಲೆ ಬಗ್ಗಿಸಿಕೊಂಡು ಹೋಗಬೇಕು. ನಡುವೆ ಹಳೆ ಕಂಬಳಿ ಸುತ್ತಿದ ಎರಡು ಮರದ ಸ್ಟ್ಯಾಂಡು, ಅವುಗಳ ಮೇಲೆ ಅವತ್ತಿನ ರೋಗಿ. ಗೋಡೆಯುದ್ದಕ್ಕೂ ಫೈಬರ್ ಬಟ್ಟೆಯ ಸುರುಳಿಗಳು, ರೆಸಿನ್ ಡಬ್ಬಗಳು, ಅಂಟು ಒಣಗಿ ಕಲ್ಲಾದ ಬ್ರಷ್ಷುಗಳು. ಸಂಜೆಯ ಹೊತ್ತಿಗೆ ಅವಳ ಹುಬ್ಬು, ರೆಪ್ಪೆ, ಕಿವಿಯೊಳಗೆಲ್ಲ ಬಿಳಿ ಪುಡಿ. ಮನೆಯವರು ದರ್ಜಿ ಕೆಲಸದವರು, ಬಟ್ಟೆಯ ಮೇಲೆ ಒಂದು ನೂಲು ಕಂಡರೂ ಸಹಿಸದವರು. ಹೆಂಡತಿಯನ್ನು ಬಾಗಿಲಲ್ಲೇ ನಿಲ್ಲಿಸಿ, ಬ್ರಷ್ಷು ಹಿಡಿದು ತಲೆಯಿಂದ ಕಾಲಿನವರೆಗೆ ಕೊಡವಿದ ಮೇಲೇ ಒಳಗೆ ಬಿಡುತ್ತಿದ್ದರು.

ಅವಳ ಕೆಲಸದ ಕ್ರಮವೇ ಬೇರೆ. ಹಲಗೆ ಬಂದ ತಕ್ಷಣ ಒಡೆದ ಜಾಗ ನೋಡುತ್ತಿರಲಿಲ್ಲ. ಕಾಲು ಜಾರದಿರಲಿ ಎಂದು ಹಲಗೆಯ ಮೇಲ್ಭಾಗಕ್ಕೆ ಮೇಣ ಹಚ್ಚಿರುತ್ತಾರೆ. ಮೊದಲು ಅದನ್ನು ಕೆರೆಯುತ್ತಿದ್ದಳು. ಕೆರೆದ ಮೇಣವನ್ನು ಬೆರಳಲ್ಲಿ ಹೊಸಕಿ ಅದರೊಳಗೆ ಸಿಕ್ಕಿಕೊಂಡ ಹರಳುಗಳನ್ನು ಬೆಳಕಿಗೆ ಹಿಡಿಯುತ್ತಿದ್ದಳು. "ಉತ್ತರದ ಕಡೆ ಹೋಗಿದ್ರಿ ಅನ್ಸತ್ತೆ," ಎಂದು ಸುಮ್ಮನೆ ಒಂದು ಮಾತು ಬಿಟ್ಟರೆ ಗಿರಾಕಿಯ ಮುಖದ ಬಣ್ಣವೇ ಬದಲಾಗುತ್ತಿತ್ತು. ಯಾಕೆಂದರೆ ಈ ಜನ ಹೆಂಡತಿಯ ವಯಸ್ಸನ್ನಾದರೂ ಹೇಳಿಬಿಟ್ಟಾರು, ಜನ ಸುಳಿಯದ ಕಡಲತೀರದ ದಾರಿಯನ್ನು ಮಾತ್ರ ಜಪ್ಪಯ್ಯ ಅಂದರೂ ಹೇಳುವವರಲ್ಲ. ಡಾಕ್ಟರಮ್ಮನಿಗೆ ಹೇಳಿಸಿಕೊಳ್ಳುವ ಅಗತ್ಯ ಇಲ್ಲ ಎಂಬ ಸಣ್ಣ ಜಂಬವೂ ಇತ್ತು.

ಜಂಬಕ್ಕೆ ಮುಖ್ಯ ಕಾರಣ ಗಡಿಯಾರದವರು. ಪೇಟೆಯಲ್ಲಿ ವಾಚು ರಿಪೇರಿ ಮಾಡುವವರು, ಮಾತು ಅಳೆದು ಆಡುವ ಮನುಷ್ಯ. ವರ್ಷಕ್ಕೆ ಮೂರು ಸಲ ಹಲಗೆ ತರುತ್ತಿದ್ದರು, ಮೂರು ಸಲವೂ ಅದೇ ಗಾಯ: ಬಲ ಅಂಚಿನ ನಡುಭಾಗದಲ್ಲಿ ಒಂದು ತರಚು. ತಳದಲ್ಲಿ ಕಲ್ಲಿನ ಗೀರು ಒಂದೂ ಇಲ್ಲ. ಮೇಣದ ತುಂಬ ಚೂಪಾದ ಕಪ್ಪು ಹರಳು, ಜೊತೆಗೆ ಚೂರು ಕೆಂಪು ಧೂಳು. ಎಲ್ಲಿಗೆ ಹೋಗ್ತೀರಿ ಎಂದು ಕೇಳಿದರೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ಡಾಕ್ಟರಮ್ಮ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದಳು: ಕಪ್ಪು ಮರಳಿನ ತೀರ, ಬಂಡೆ ಇಲ್ಲ, ಮೆತ್ತಗಿನ ಅಲೆ, ಜನ ಇಲ್ಲ.

ಇಷ್ಟು ವರ್ಷ ಆ ಲೆಕ್ಕಾಚಾರ ತಲೆಯಲ್ಲೇ ಇತ್ತು. ಅದಕ್ಕೆ ಕಾಲು ಬಂದದ್ದು ಬಲ ಭುಜದಿಂದ. ಇಪ್ಪತ್ತಾರು ವರ್ಷ ಮೆಷಿನ್ ಹಿಡಿದು ಉಜ್ಜಿ ಉಜ್ಜಿ ಭುಜದ ಕೀಲು ಸವೆದಿತ್ತು. ಆಸ್ಪತ್ರೆಯವರು ಮುಂದಿನ ತಿಂಗಳ ತಾರೀಖು ಕೊಟ್ಟರು. ಕೊಯ್ದ ಮೇಲೆ ಒಂದು ವರ್ಷ ತೋಳು ಎತ್ತುವ ಹಾಗಿಲ್ಲ, ಅದಾದ ಮೇಲೂ ನೀರಲ್ಲಿ ಕೈ ಬೀಸುವುದು ಅನುಮಾನ ಎಂದರು. ಡಾಕ್ಟರಮ್ಮ ಆಯ್ತು ಎಂದು ತಲೆಯಾಡಿಸಿ ಬಂದಳು. ಮನೆಗೆ ಬಂದು ಚಪ್ಪಲಿ ಬಿಡಲು ಬಗ್ಗಿದವಳು ಬಾಗಿಲಲ್ಲೇ ತಡೆದಳು. ಒಂದು ಸಲವಾದರೂ ಅಲೆ ಹತ್ತಬೇಕು, ಹತ್ತದೆ ಈ ತೋಳನ್ನು ಕೊಯ್ಯಲು ಕೊಡುವುದಿಲ್ಲ ಎಂದು ಅಲ್ಲೇ, ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದು ಕಾಲಿನದು ಬಿಡುವ ಮೊದಲೇ, ತೀರ್ಮಾನ ಮಾಡಿದಳು.

ಹಲಗೆ ಅವಳ ಹತ್ತಿರವೇ ಇತ್ತು. ಯಾರೋ ಬಿಟ್ಟುಹೋದ ಎರಡು ಮುರುಕು ಹಲಗೆಗಳ ಒಳ್ಳೆಯ ಅರ್ಧಗಳನ್ನು ಕೂಡಿಸಿ ತನಗೆಂದೇ ಒಂದನ್ನು ಮಾಡಿಟ್ಟಿದ್ದಳು. ಅರ್ಧ ಹಳದಿ, ಅರ್ಧ ಬೂದು. ಮನೆಯವರು ಅದಕ್ಕೊಂದು ಚೀಲ ಹೊಲಿದು, ಹಿಡಿಗಳಿಗೆ ಡಬಲ್ ಹೊಲಿಗೆ ಹಾಕಿ, "ಹುಷಾರು" ಎಂದಷ್ಟೇ ಹೇಳಿದರು. ಡಾಕ್ಟರಮ್ಮ ಒಂದು ಬೆಳಿಗ್ಗೆ ಅದನ್ನು ಹೊತ್ತು ಊರ ಮುಂದಿನ ಸಮುದ್ರಕ್ಕೆ ಹೋದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು! ಎಲ್ಲರೂ ಅವಳ ಗಿರಾಕಿಗಳೇ. ಡಾಕ್ಟರಮ್ಮ ನೀರಿಗೆ ಇಳಿದಳೆಂದು ಗೊತ್ತಾದದ್ದೇ ತಡ, ಎಂಟು ಜನ ಸುತ್ತ ಬಂದರು. ಒಬ್ಬ ಹಲಗೆಯ ಮೂತಿ ಹಿಡಿದ, ಒಬ್ಬಳು ಮೊಣಕಾಲು ಸರಿ ಮಾಡಿದಳು, ಇಬ್ಬರು ಹಿಂದಿನಿಂದ ಹಿಡಿದು ಅಲೆ ಬಂದಾಗ ದಬ್ಬಿದರು. ಡಾಕ್ಟರಮ್ಮ ನಿಂತೂಬಿಟ್ಟಳು, ಎರಡು ಕ್ಷಣ. ತೀರದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಫೋಟೋ ಕೂಡ ಬಂತು. ಮನೆಯವರು ಅದನ್ನು ನೋಡಿ ಖುಷಿಪಟ್ಟರು. ಅವಳಿಗೆ ಮಾತ್ರ ಇನ್ನೊಬ್ಬರ ಎಂಜಲು ತಿಂದ ಹಾಗಾಯಿತು. ಆ ಅಲೆ ತನ್ನದಲ್ಲ. ಬೀಳುವುದಾದರೆ ತಾನೇ ಬೀಳಬೇಕು, ಏಳುವುದಾದರೆ ತಾನೇ ಏಳಬೇಕು. ಅದಕ್ಕೆ ಈ ಪ್ರೀತಿಯ ಜನ ಒಬ್ಬರೂ ಇಲ್ಲದ ಜಾಗ ಬೇಕು. ಗಡಿಯಾರದವರ ಜಾಗ ಬೇಕು.

ಹೋಗುವುದು ಹೇಗೆ? ಅವಳಿಗೆ ಗಾಡಿ ಓಡಿಸಲು ಬಾರದು. ಅಕ್ಕನಿಗೆ ಬರುತ್ತದೆ. ಬರುತ್ತದೆ ಏನು, ಮೂವತ್ತೊಂದು ವರ್ಷದಿಂದ ಶಾಲೆಯ ವ್ಯಾನು ಓಡಿಸುವವಳು ಅವಳು. ಅಮ್ಮ ಹೋದಾಗ ಡಾಕ್ಟರಮ್ಮನಿಗೆ ಏಳು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಸಾಕಿದ್ದು ಅಕ್ಕ. ಸೈಕಲ್ಲಿನ ಸೀಟು ಹಿಡಿದುಕೊಂಡು ಹಿಂದೆ ಓಡಿದವಳು ಅಕ್ಕ, ದರ್ಜಿಯ ಮನೆಗೆ ಹೋಗಿ ಮದುವೆಯ ಮಾತು ತೆಗೆದವಳು ಅಕ್ಕ, ಶೆಡ್ಡು ಹಿಡಿದುಕೊಟ್ಟವಳು ಅಕ್ಕ. ತನ್ನ ಮದುವೆಯ ಸುದ್ದಿ ಬಂದಾಗಲೆಲ್ಲ, ಮೊದಲು ಮರಿದು ಆಗಲಿ ಎನ್ನುತ್ತಿದ್ದಳು. ಮರಿದು ಆಗುವ ಹೊತ್ತಿಗೆ ಸುದ್ದಿ ತರುವವರು ನಿಂತುಹೋಗಿದ್ದರು. ಐವತ್ತೊಂದು ವರ್ಷದ ಡಾಕ್ಟರಮ್ಮ ಈಗಲೂ ಅಕ್ಕನ ಬಾಯಲ್ಲಿ ಮರಿಯೇ.

ಶಾಲೆಗೆ ನಾಲ್ಕು ದಿನ ರಜೆ ಬಂತು, ಗುರುವಾರದಿಂದ ಭಾನುವಾರ. ಸೋಮವಾರ ಬೆಳಿಗ್ಗೆ ಏಳಕ್ಕೆ ಮೊದಲ ಮಗು ಗೇಟಿನಲ್ಲಿ ಕಾಯುತ್ತಿರುತ್ತದೆ, ಅದರೊಳಗೆ ವಾಪಸ್ಸು ಎಂದು ಅಕ್ಕ ಕರಾರು ಹಾಕಿದಳು. ಹಲಗೆ ಸೀಟುಗಳ ನಡುವೆ ಗೇರಿನಿಂದ ಹಿಂದಿನ ಗಾಜಿನವರೆಗೆ ಮಲಗಿತು. ಅಕ್ಕ ಡ್ರೈವರ್ ಅಂಗಿ ಹಾಕಿಕೊಂಡೇ ಬಂದಿದ್ದಳು. ಹೊರಡುವ ಮುಂಚೆ ಹಿಂದೆ ತಿರುಗಿ ತಲೆ ಎಣಿಸುವುದು ಅವಳ ಅಭ್ಯಾಸ. "ಒಂದು" ಎಂದು ಎಣಿಸಿ, ಸಮಾಧಾನವಾಗಿ, ಗಾಡಿ ಬಿಟ್ಟಳು.

ಹುಡುಕುವುದು ಸುಲಭ ಎಂದುಕೊಂಡಿದ್ದರು. ಕರಾವಳಿ ರಸ್ತೆ ಒಂದೇ, ಎಡಕ್ಕೆ ಸಮುದ್ರ. ಎಡಕ್ಕೆ ಹೋಗುವ ಒಂದೊಂದು ಮಣ್ಣು ದಾರಿಗೂ ಇಳಿದು ನೋಡುವುದು, ಮರಳು ಕಪ್ಪಗಿದ್ದರೆ ನಿಲ್ಲುವುದು. ಮೊದಲ ದಿನ ಒಂದು ಕಪ್ಪು ತೀರ ಸಿಕ್ಕೇಬಿಟ್ಟಿತು. ಇಳಿದು ನೋಡಿದರೆ ಮರಳಲ್ಲ, ತಲೆ ಗಾತ್ರದ ಕಲ್ಲುಗಳು, ಅಲೆ ಬಂದು ಅವುಗಳನ್ನು ಗಡಗಡ ಉರುಳಿಸುತ್ತಿತ್ತು. ಇನ್ನೊಂದು ಕಡೆ ಮರಳು ಕಪ್ಪಗಿತ್ತು, ಆದರೆ ಅಲ್ಲಿ ಸರ್ಫಿಂಗ್ ಕಲಿಸುವ ಶಾಲೆ, ಮೂವತ್ತು ಜನ, ಒಬ್ಬ ಸೀಟಿ ಊದುವವನು. ಮೂರನೇ ದಾರಿ ಐಸ್ ಫ್ಯಾಕ್ಟರಿಯ ಗೇಟಿಗೆ ಹೋಗಿ ನಿಂತಿತು. ಅಕ್ಕ ನಲವತ್ತರ ಮೇಲೆ ಓಡಿಸುವವಳಲ್ಲ, ತಿರುವು ಬಂದರೆ ಹಾರನ್ ಹೊಡೆಯದೆ ಬಿಡುವವಳಲ್ಲ. ಸಂಜೆಯ ಹೊತ್ತಿಗೆ ಡಾಕ್ಟರಮ್ಮನಿಗೆ ಕಿವಿಯಲ್ಲೂ ಹಾರನ್ನು, ತಲೆಯಲ್ಲೂ ಹಾರನ್ನು.

ಎರಡನೇ ದಿನ ಏಳು ತೀರ ನೋಡಿದರು. ಕೊನೆಯದರಲ್ಲಿ ಮರಳು ತಕ್ಕಮಟ್ಟಿಗೆ ಕಪ್ಪು, ಕಣ್ಣು ಹಾಯಿಸಿದಷ್ಟು ದೂರ ಒಂದು ನರಪಿಳ್ಳೆ ಇಲ್ಲ. ಡಾಕ್ಟರಮ್ಮ ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ನೀರಿಗೆ ಇಳಿದಳು. ಹತ್ತು ನಿಮಿಷ ಆಗಿರಲಿಲ್ಲ, ನಾಯಿ ಹಿಡಿದುಕೊಂಡು ಒಬ್ಬ ನಿವೃತ್ತ ಮೇಷ್ಟರು ಎಲ್ಲಿಂದಲೋ ಉದ್ಭವವಾದರು. ದಡದಲ್ಲಿ ನಿಂತು ಬೆನ್ನು ನೇರ ಇಡಬೇಕೆಂದರು, ಕಣ್ಣು ಮುಂದಿರಬೇಕೆಂದರು, ಆಮೇಲೆ ತಡೆಯಲಾರದೆ ನಾಯಿಯನ್ನು ಅಕ್ಕನ ಕೈಗೆ ಕೊಟ್ಟು, ಪ್ಯಾಂಟು ಮಡಿಸಿಕೊಂಡು ನೀರಿಗೇ ಬಂದರು. ಸರ್ಫಿಂಗ್ ಮಾಡಿದವರೂ ಅಲ್ಲ, ಪಾಪ, ಒಳ್ಳೆಯ ಮನಸ್ಸಿನವರು ಅಷ್ಟೇ. ಡಾಕ್ಟರಮ್ಮ ಅವರಿಗೆ ನಮಸ್ಕಾರ ಹೇಳಿ, ಹಲ್ಲು ಕಚ್ಚಿಕೊಂಡು ಮೇಲೆ ಬಂದಳು.

ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ನಿಲ್ಲಿಸಿದರು. ಒದ್ದೆ ಹಲಗೆ ಒಣಗಲಿ ಎಂದು ವ್ಯಾನಿನಿಂದ ಇಳಿಸಿ, ಬಿಸಿಲಿಗೆ ಮೇಣ ಕರಗದ ಹಾಗೆ ಮೇಣದ ಮುಖ ಕೆಳಗೆ ಮಾಡಿ ಇಟ್ಟಳು. ಚಹಾ ಕುಡಿದು ಎತ್ತಿದರೆ ಮೇಣದ ತುಂಬ ಕಪ್ಪು ಹರಳು. ಅಂಗಡಿಯವನು ಒಲೆಯ ಕಲ್ಲಿದ್ದಲ ಕಿಟ್ಟವನ್ನು ಅಲ್ಲೇ ಸುರಿಯುತ್ತಿದ್ದನಂತೆ. ಡಾಕ್ಟರಮ್ಮ ಅಭ್ಯಾಸಬಲದಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಹೊಸಕಿದಳು. ಕೈ ಹಾಗೇ ನಿಂತಿತು. ಇದು ಗಡಿಯಾರದವರ ಹರಳು. ಅದೇ ಚೂಪು, ಅದೇ ಹಗುರ.

ಮತ್ತೆ ಹುಡುಕಿದಳು. ಈಗಷ್ಟೇ ಮಿಂದು ಬಂದ ಆ ತೀರದ ಮರಳಿನ ಒಂದು ಹರಳೂ ಮೇಣದಲ್ಲಿ ಇರಲಿಲ್ಲ. ಎಲ್ಲಿಂದ ಇರಬೇಕು? ಸಮುದ್ರದ ಮರಳನ್ನು ಸಮುದ್ರವೇ ತೊಳೆದಿತ್ತು. ಮೇಣಕ್ಕೆ ಅಂಟಿಕೊಂಡು ಶೆಡ್ಡಿಗೆ ಬರುವುದು ತೀರದ ಮರಳಲ್ಲ, ನೀರಿಂದ ಬಂದ ಮೇಲೆ ಹಲಗೆಯನ್ನು ಬೋರಲು ಇಟ್ಟು ದಣಿವಾರಿಸಿಕೊಂಡ ಜಾಗದ ಕಸ! ಒಂದು ದಿನ ಹಲಗೆ ಹೊತ್ತು ಸಮುದ್ರಕ್ಕೆ ಹೋಗಿ ಬಂದ ಯಾರಿಗಾದರೂ ಇದು ಗೊತ್ತಿರುತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷ ಗಿರಾಕಿಗಳ ಮುಂದೆ ದೊಡ್ಡ ಪತ್ತೇದಾರಿಣಿಯ ಹಾಗೆ ಹುಬ್ಬು ಏರಿಸಿ ಅವಳು ಓದಿದ್ದೆಲ್ಲ ಗಾಡಿ ನಿಲ್ಲಿಸುವ ಜಾಗಗಳನ್ನು. ಅವರೆಲ್ಲ ಒಳಗೊಳಗೇ ಎಷ್ಟು ನಕ್ಕಿರಬೇಕು ಎಂದು ನೆನೆದು ಅವಳ ಕಿವಿ ಕೆಂಪಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಬುದ್ಧಿಯೂ ಓಡಿತು.

ಕಪ್ಪು ಕಿಟ್ಟ, ಜೊತೆಗೆ ಕೆಂಪು ಧೂಳು. ಎರಡೂ ಒಟ್ಟಿಗೆ ಎಲ್ಲಿರುತ್ತವೆ? ಇಟ್ಟಿಗೆ ಸುಡುವಲ್ಲಿ. ಸಮುದ್ರದ ಪಕ್ಕ ಇಟ್ಟಿಗೆ ಕಾರ್ಖಾನೆ ಏನಾದರೂ ಇದೆಯೇ ಎಂದು ಅಂಗಡಿಯವನನ್ನು ಕೇಳಿದಳು. ಒಂದಿತ್ತು, ಮುಚ್ಚಿ ಹದಿನೈದು ವರ್ಷವಾಯಿತು, ಚಿಮಣಿ ಒಂದೇ ಉಳಿದಿದೆ, ಅಲ್ಲಿಗೆ ಯಾರು ಹೋಗ್ತಾರೆ, ಸಮುದ್ರಕ್ಕೆ ದಾರಿಯೇ ಇಲ್ಲ ಎಂದ. ಎಷ್ಟು ದೂರ ಎಂದರೆ ಬಂದ ದಾರಿಯಲ್ಲೇ ಹಿಂದಕ್ಕೆ ತೊಂಬತ್ತು ಕಿಲೋಮೀಟರು.

"ಮೊನ್ನೆ ಅಲ್ಲ, ನಿನ್ನೆ ಮಧ್ಯಾಹ್ನ ಆ ಚಿಮಣಿ ನೆರಳಲ್ಲೇ ಕೂತು ಬುತ್ತಿ ಉಂಡ್ವಲ್ಲೇ," ಎಂದಳು ಅಕ್ಕ.

ಅಕ್ಕನಿಗೆ ಸಾಕಾಗಿತ್ತು. ಸೊಂಟ ಹಿಡಿದುಕೊಂಡಿತ್ತು. ಎರಡು ದಿನ ಹಾಳಾಯಿತು, ಊರಿಗೇ ಹೋಗೋಣ, ನಾನೇ ಹಲಗೆ ಹಿಡಿದುಕೊಳ್ಳುತ್ತೇನೆ, ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ, ಕಲಿತುಬಿಡು ಎಂದು ಪುಸಲಾಯಿಸಿದಳು. ಡಾಕ್ಟರಮ್ಮ ಸುತರಾಂ ಒಪ್ಪಲಿಲ್ಲ. ನೀನು ಹೋಗು, ನಾನು ಬಸ್ಸಲ್ಲಿ ಹೋಗ್ತೀನಿ ಎಂದು ಚೀಲ ಹೆಗಲಿಗೆ ಹಾಕಿಕೊಂಡೇಬಿಟ್ಟಳು. ಒಂಬತ್ತಡಿ ಹಲಗೆಯನ್ನು ಯಾವ ಕಂಡಕ್ಟರು ಹತ್ತಿಸ್ತಾನೆ ಎಂದು ಅಕ್ಕ ಕೇಳಿದಳು. ಟಾಪಿನ ಮೇಲೆ ಹಾಕ್ತಾನೆ ಎಂದಳು ತಂಗಿ. ಟಾಪಿನ ಮೇಲೆ ಹಾಕದಿದ್ದರೆ? ಹೊತ್ಕೊಂಡು ನಡೀತೀನಿ. ಅಕ್ಕ ಅವಳ ಮುಖವನ್ನೊಮ್ಮೆ ನೋಡಿ, ಗ್ಲಾಸು ಕೆಳಗಿಟ್ಟು, ವ್ಯಾನು ತಿರುಗಿಸಿದಳು.

ಶನಿವಾರ ಬೆಳಿಗ್ಗೆ ಚಿಮಣಿ ಸಿಕ್ಕಿತು. ಗೇಟಿಗೆ ಬೀಗ, ಬೀಗಕ್ಕೆ ತುಕ್ಕು. ಕಾಂಪೌಂಡಿನ ಪಕ್ಕ ಜನ ನಡೆದು ಸವೆದ ಒಂದು ಕಾಲುದಾರಿ, ಅದರ ಮೇಲೆಲ್ಲ ಕಪ್ಪು ಕಿಟ್ಟ, ಇಟ್ಟಿಗೆಯ ಪುಡಿ. ಕೊನೆಗೆ ಎರಡು ಗೋಡೆಗಳ ನಡುವೆ ಒಂದು ಸಂದು. ಎಷ್ಟು ಇಕ್ಕಟ್ಟೆಂದರೆ ಹಲಗೆಯನ್ನು ಮಲಗಿಸಿ ಹಿಡಿದರೆ ನಡುಭಾಗ ಸಿಕ್ಕಿಕೊಳ್ಳುತ್ತಿತ್ತು. ಬಲಗಡೆ ಗೋಡೆಯಲ್ಲಿ ಹೊರಚಾಚಿದ ಒಂದು ಇಟ್ಟಿಗೆ, ಅದರ ಮೂಲೆಗೆ ಬಿಳಿ, ನೀಲಿ ಬಣ್ಣ ಮೆತ್ತಿಕೊಂಡಿತ್ತು. ಡಾಕ್ಟರಮ್ಮ ಆ ಇಟ್ಟಿಗೆಯನ್ನು ಮುಟ್ಟಿ ನೋಡಿ ನಕ್ಕಳು. ವರ್ಷಕ್ಕೆ ಮೂರು ಸಲ ಅವಳ ಮುಂದೆ ಬಂದು ಮಲಗುತ್ತಿದ್ದ ಗಾಯ ಇಲ್ಲಿ ಆಗುತ್ತಿತ್ತು. ಅಕ್ಕ ಮುಂದೆ, ತಂಗಿ ಹಿಂದೆ, ಹಲಗೆಯನ್ನು ತಲೆಯ ಮೇಲೆ ಎತ್ತಿ ದಾಟಿಸಿದರು. ಆಚೆಗೆ ಬೆಳ್ಳನೆಯ ಮರಳು, ಅರ್ಧ ಚಂದ್ರದ ಹಾಗೆ ಬಾಗಿದ ಪುಟ್ಟ ತೀರ, ಒಂದೂ ಹೆಜ್ಜೆ ಗುರುತಿಲ್ಲ. ದೂರದಲ್ಲಿ ಏಳುವ ಅಲೆ ಅವಸರವಿಲ್ಲದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಡಚಿಕೊಳ್ಳುತ್ತ ದಡಕ್ಕೆ ಬರುತ್ತಿತ್ತು.

ಜಾಗ ಸಿಕ್ಕಿದರೆ ಆಯಿತೇ? ಶನಿವಾರ ಇಡೀ ದಿನ ಡಾಕ್ಟರಮ್ಮ ಬಿದ್ದಳು. ಹೊಟ್ಟೆಯ ಮೇಲೆ ಮಲಗಿ, ಎರಡು ಕೈಯಿಂದ ನೀರು ಬಗೆದು, ಅಲೆ ಹಿಂದಿನಿಂದ ಎತ್ತಿದ ಕ್ಷಣಕ್ಕೆ ಸರಿಯಾಗಿ ಎದ್ದು ನಿಲ್ಲಬೇಕು. ತಡವಾದರೆ ಅಲೆ ಅವಳನ್ನು ಬಿಟ್ಟು ತಾನೊಂದೇ ಹೋಗುತ್ತಿತ್ತು. ಬೇಗವಾದರೆ ಹಲಗೆಯ ಮೂತಿ ನೀರಿಗೆ ನುಗ್ಗಿ ಅವಳು ತಲೆಕೆಳಗಾಗುತ್ತಿದ್ದಳು. ಮೂಗು, ಬಾಯಿ, ಕಿವಿಯಲ್ಲೆಲ್ಲ ಉಪ್ಪು ನೀರು. ಮಧ್ಯಾಹ್ನ ಗಾಳಿ ಎದ್ದು ಅಲೆಗಳೆಲ್ಲ ಕಲಸಿ ಹೋದವು. ದಡದಲ್ಲಿ ಅಕ್ಕ ಒಂದೊಂದು ಸಲ ತಂಗಿ ಮುಳುಗಿದಾಗಲೂ ಎದ್ದು ನಿಲ್ಲುತ್ತಿದ್ದಳು, ತಲೆ ಕಂಡ ಮೇಲೆ ಕೂರುತ್ತಿದ್ದಳು. ಸಂಜೆಗೆ ಡಾಕ್ಟರಮ್ಮನ ಬಲ ತೋಳು ಬಾಚಣಿಗೆ ಎತ್ತುವಷ್ಟೂ ಏಳಲಿಲ್ಲ. ಅಕ್ಕನೇ ಬಿಸಿ ನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಭುಜಕ್ಕೆ ಕಟ್ಟಿ, ತಲೆ ಬಾಚಿ, ಬ್ರೆಡ್ಡು ಮುರಿದು ತಿನ್ನಿಸಿದಳು. ನಾಳೆ ಬೇಡ ಕಣೇ ಎಂದಳು. ಡಾಕ್ಟರಮ್ಮ ನಾಳೆ ಎಷ್ಟು ಗಂಟೆಗೆ ಹೊರಡಬೇಕು ಎಂದು ಕೇಳಿದಳು. ಎರಡಕ್ಕೆ ಹೊರಟರೆ ಸರಿ ಎಂದಳು ಅಕ್ಕ. ಹಾಗಾದರೆ ಎರಡರವರೆಗೆ ಟೈಮಿದೆ ಎಂದು ಡಾಕ್ಟರಮ್ಮ ಮಗ್ಗುಲಾದಳು.

ಭಾನುವಾರ ಬೆಳಿಗ್ಗೆ ಸಮುದ್ರ ನೀಟಾಗಿತ್ತು. ಆರೂವರೆಗೆ ಇಳಿದಳು. ಒಂಬತ್ತಾಯಿತು, ಹನ್ನೊಂದಾಯಿತು. ಎರಡು ಸಲ ಮೊಣಕಾಲಿನವರೆಗೆ ಎದ್ದಳು, ಒಂದು ಸಲ ಒಂದು ಪಾದ ಊರಿದಳು. ಅಷ್ಟೇ. ಹನ್ನೆರಡೂವರೆಯ ಹೊತ್ತಿಗೆ ಬಲಗೈ ನೀರು ಬಗೆಯುವುದನ್ನು ಬಿಟ್ಟು ನೀರನ್ನು ಸವರಲು ಶುರು ಮಾಡಿತು. ಹಲಗೆ ಎಡಗೈ ಎಳೆದ ಕಡೆಗೆ ವಾಲಿಕೊಂಡು ಹೋಗುತ್ತಿತ್ತು. ಅವಳಿಗೆ ಅಳು ಬಂತು. ಸಮುದ್ರದಲ್ಲಿ ಅತ್ತರೆ ಯಾರಿಗೆ ಗೊತ್ತಾಗುತ್ತದೆ ಎಂದು ಜೋರಾಗಿಯೇ ಅತ್ತಳು.

ಗೊತ್ತಾಗುವವಳಿಗೆ ಗೊತ್ತಾಯಿತು. ಹಿಂದಿನಿಂದ ನೀರು ಸೀಳುವ ಸದ್ದು ಕೇಳಿ ತಿರುಗಿದರೆ ಅಕ್ಕ. ಅಂಗಿ, ಪ್ಯಾಂಟು ಎಲ್ಲದರ ಸಮೇತ ಎದೆಮಟ್ಟದ ನೀರಲ್ಲಿ ಬಂದು ಹಲಗೆಯ ಹಿಂತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ದೊಡ್ಡದೊಂದು ಅಲೆ ಅಲ್ಲಿ ಏಳುತ್ತಿತ್ತು. ಅಕ್ಕನ ಕೈಗಳಿಗೆ ಅದರ ಅಂದಾಜು ಬೇಕಿರಲಿಲ್ಲ. ಯಾವಾಗ ದಬ್ಬಬೇಕೆಂದು ಆ ಕೈಗಳಿಗೆ ಹುಟ್ಟಾ ಗೊತ್ತು.

"ಕೈ ತೆಗಿ ಅಕ್ಕ."

"ಒಂದೇ ಒಂದು ಸಲ ಮರಿ. ನಿಂತ್ಕೊಂಡುಬಿಡು. ಯಾರು ತಳ್ಳಿದ್ರು ಅಂತ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ."

ಅಲೆ ಅವರಿಬ್ಬರನ್ನೂ ಎತ್ತಿ ಇಳಿಸಿ ಹೋಯಿತು. ಅಕ್ಕ ಹಲಗೆ ಬಿಟ್ಟಿರಲಿಲ್ಲ.

"ನೀನು ಸೈಕಲ್ ಹಿಡ್ಕೊಂಡೆ. ಮದುವೆ ಮಾಡಿಸ್ದೆ. ಅಂಗಡಿ ಹಾಕ್ಕೊಟ್ಟೆ. ನೀನು ಹಿಂದೆ ಇಲ್ದೆ ನಾನು ಏನು ಮಾಡಿದೀನಿ ಹೇಳು. ಒಂದೂ ಇಲ್ಲ. ಇದೊಂದು ಬಿಟ್ಬಿಡು ಅಕ್ಕ. ಆಗಲಿಲ್ಲ ಅಂದ್ರೆ ಆಗಲಿಲ್ಲ ಅಂತಲೇ ಮನೆಗೆ ಹೋಗ್ತೀನಿ."

ಅಕ್ಕನ ಮುಖ ಸಣ್ಣದಾಯಿತು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ. ಒಂದೊಂದೇ ಕೈ ತೆಗೆದಳು. ತಿರುಗಿ ದಡಕ್ಕೆ ನಡೆದು, ಸಮುದ್ರಕ್ಕೆ ಬೆನ್ನು ಹಾಕಿ ಕೂತುಬಿಟ್ಟಳು. ಅವಳ ಒದ್ದೆ ಬೆನ್ನನ್ನು ನೋಡುತ್ತ ಡಾಕ್ಟರಮ್ಮನಿಗೆ ಕರೆದುಬಿಡೋಣ ಎನ್ನಿಸಿತು. ಕರೆಯಲಿಲ್ಲ. ಹಲಗೆಯ ಮೂತಿಯನ್ನು ದಡದ ಕಡೆಗೆ ತಿರುಗಿಸಿ ಕಾದಳು.

ಎರಡು ಅಲೆ ಬಿಟ್ಟಳು. ಮೂರನೆಯದು ದೊಡ್ಡದೇನಲ್ಲ, ಸೊಂಟದೆತ್ತರದ್ದು. ಬಲಗೈ ಕೆಲಸಕ್ಕೆ ಬಾರದು ಎಂದು ಗೊತ್ತಿದ್ದುದರಿಂದ ಎಡಗೈಯಲ್ಲಿ ಒಂದು ಸಲ ಎಳೆದು, ಕಾಲಿನಿಂದ ಹಿಂದೆ ನೀರನ್ನು ಒದ್ದಳು. ಮತ್ತೆ ಎಳೆದು, ಮತ್ತೆ ಒದ್ದಳು. ಯಾರೂ ಹೇಳಿಕೊಟ್ಟ ಕ್ರಮವಲ್ಲ ಅದು. ಹಲಗೆಯ ಹಿಂಭಾಗ ಎದ್ದಿತು. ಅಲೆ ಬಿಟ್ಟುಹೋಗಲಿಲ್ಲ. ಕೆಳಗೆ ಹಲಗೆ ತಾನಾಗಿ ಓಡತೊಡಗಿತು, ಆ ಓಟ ಹೊಟ್ಟೆಗೆ ತಿಳಿಯಿತು. ಎಡ ಅಂಗೈ ಊರಿ ಎದ್ದಳು. ಒಂದು ಪಾದ, ಇನ್ನೊಂದು ಪಾದ. ನಿಂತಿದ್ದಳು. ಪಕ್ಕದಲ್ಲಿ ಅಲೆ ಮಡಚಿಕೊಳ್ಳುತ್ತ ಬರುತ್ತಿತ್ತು, ಅವಳು ಅದರ ಮುಂದೆ ಹೋಗುತ್ತಿದ್ದಳು, ನೊರೆ ಕಾಲಿಗೆ ತಾಗುತ್ತಿತ್ತು, ಚಿಮಣಿ ಬಲದಿಂದ ಎಡಕ್ಕೆ ಸರಿಯಿತು. ಐದು ಉಸಿರಿನಷ್ಟು ಹೊತ್ತು ಇರಬಹುದು. ಇಷ್ಟು ಖುಷಿ ತನ್ನ ಮೈಯಲ್ಲಿ ಹಿಡಿಸುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ನೀರು ಮೊಣಕಾಲಿಗೆ ಬಂದ ಮೇಲೆ ಹಲಗೆಯಿಂದ ಇಳಿದು ನಿಂತಳು, ಬೀಳಲೂ ಇಲ್ಲ.

ತಲೆಯೆತ್ತಿದರೆ ಅಕ್ಕ ಎದುರಿಗೇ ನಿಂತಿದ್ದಳು. ಬೆನ್ನು ಹಾಕಿ ಕೂತವಳು ಯಾವಾಗ ತಿರುಗಿದಳೋ.

"ನೋಡ್ದೆ," ಎಂದಳು ಅಕ್ಕ. "ನೀನೇ ಬಂದೆ. ಯಾರೂ ಇರಲಿಲ್ಲ."

"ಯಾರೂ ಇರಲಿಲ್ಲ," ಎಂದಳು ಡಾಕ್ಟರಮ್ಮ. ಇಬ್ಬರೂ ಒದ್ದೆ ಬಟ್ಟೆಯಲ್ಲೇ ತಬ್ಬಿಕೊಂಡರು.

ಗಂಟೆ ಒಂದೂಮುಕ್ಕಾಲು. ಸಾಮಾನು ಕಟ್ಟಬೇಕಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಡ ಮಾಡದ ಅಕ್ಕ ಹೊರಡಲಿಲ್ಲ. ಹಲಗೆಯನ್ನೇ ನೋಡುತ್ತಿದ್ದಳು. ಕಾಲಿನಿಂದ ಮರಳಲ್ಲಿ ಒಂದು ಗುಂಡಿ ಮಾಡಿ, ಅದನ್ನು ಮುಚ್ಚಿ, ಆಮೇಲೆ ಹೇಳಿದಳು.

"ನನ್ನ ಮಾತ್ರ ಯಾವತ್ತೂ ಯಾರೂ ತಳ್ಳಿಲ್ಲ ಕಣೇ."

"ಎಲ್ಲಿಗೆ?"

"ಎಲ್ಲಿಗೂ. ಎಲ್ಲಾ ನಾನೇ ಹೋದೆ." ಹಲಗೆಯನ್ನು ತೋರಿಸಿ, "ಒಂದ್ಸಲ ತಳ್ತೀಯಾ?" ಎಂದಳು.

ಡಾಕ್ಟರಮ್ಮ ಅರವತ್ತಮೂರು ವರ್ಷದ ಅಕ್ಕನನ್ನು ಸೊಂಟದುದ್ದದ ನೀರಿಗೆ ಕರೆದುಕೊಂಡು ಹೋಗಿ, ಹಲಗೆಯ ಮೇಲೆ ಹೊಟ್ಟೆ ಕೆಳಗಾಗಿ ಮಲಗಿಸಿದಳು. ಅಂಚು ಹಿಡ್ಕೋ, ಬೇರೇನೂ ಮಾಡಬೇಡ ಎಂದಳು. ಬೇರೇನೂ ಮಾಡದೆ ಇರುವುದು ಅಕ್ಕನಿಗೆ ಬರುತ್ತಿರಲಿಲ್ಲ. ಒಮ್ಮೆ ಹಿಂದೆ ತಿರುಗಿ ನೋಡಿದಳು, ಒಮ್ಮೆ ಕೈಯಿಂದ ನೀರು ತಳ್ಳಲು ಹೋದಳು. ತಂಗಿ ಗದರಿದ ಮೇಲೆ ಕೆನ್ನೆಯನ್ನು ಹಲಗೆಗೆ ಒತ್ತಿ ಸುಮ್ಮನಾದಳು. ಒಳ್ಳೆಯದೊಂದು ಅಲೆ ಬರುವವರೆಗೂ ಡಾಕ್ಟರಮ್ಮ ಕಾದಳು. ಬಂತು. ಎಡಗೈ, ಬಲಗೈ, ಸವೆದ ಭುಜ, ಎಲ್ಲವನ್ನೂ ಹಾಕಿ ದಬ್ಬಿದಳು. ಕಣ್ಣಲ್ಲಿ ನಕ್ಷತ್ರ ಕಾಣಿಸುವಷ್ಟು ನೋವಾಯಿತು.

ಹಲಗೆ ಅಕ್ಕನನ್ನು ಹೊತ್ತುಕೊಂಡು ನೊರೆಯ ಮೇಲೆ ದಡದವರೆಗೂ ಹೋಯಿತು, ಮರಳಿಗೆ ತಾಗಿ ನಿಂತಿತು. ಅಕ್ಕ ಏಳಲಿಲ್ಲ. ಏಟು ಬಿತ್ತೇನೋ ಎಂದು ಹೆದರಿ ಡಾಕ್ಟರಮ್ಮ ನೀರು ಎರಚಾಡುತ್ತ ಓಡಿ ಹೋದಳು. ಅಕ್ಕ ಅಂಚುಗಳನ್ನು ಹಿಡಿದುಕೊಂಡೇ ಇದ್ದಳು. ಭುಜಗಳು ಕುಲುಕುತ್ತಿದ್ದವು. ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಇಷ್ಟು ಚೆನ್ನಾಗಿರತ್ತೆ ಅಂತ ನೀನು ಒಂದು ದಿನಾನೂ ಹೇಳಲೇ ಇಲ್ವಲ್ಲೇ," ಎಂದಳು.

ಡಾಕ್ಟರಮ್ಮ ಅಕ್ಕನನ್ನು ಇಳಿಸದೆಯೇ ಹಲಗೆಯ ಮೂತಿ ಹಿಡಿದು ಮತ್ತೆ ಸಮುದ್ರದ ಕಡೆಗೆ ತಿರುಗಿಸಿದಳು.